ಬಂದು ಉಂಡು ಹೋದರು

ಮೊದಲೇ ಹೇಳಿಬಿಡುತ್ತೇನೆ: ಆ ಮಹಾಮಾರಿಯ ದಿನಗಳಲ್ಲಿ ಸಿಸ್ಟರಮ್ಮನನ್ನು ಕಂಡರೆ ನನಗೆ ಹೊಟ್ಟೆಯುರಿ. ಮೂವತ್ತು ವರ್ಷ ಈ ಬೀದಿಗಳಲ್ಲಿ ಕಾಗದ ಹಂಚಿದ ಪೋಸ್ಟ್‌ಮನ್ ನಾನು. ಏಳು ಭಾಷೆಯ ಜನ, ನಾನೂರು ಬಾಗಿಲು. ಯಾವ ಬಾಗಿಲಿಗೆ ಯಾವ ಚಿಲಕ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆಕೆಯೋ ನಿವೃತ್ತ ನರ್ಸು, ಮೊನ್ನೆ ಮೊನ್ನೆ ಇಲ್ಲಿಗೆ ಬಂದವರು. ಮುಚ್ಚಿದ ಶಾಲೆಯ ಒಂದು ಕೋಣೆಯಲ್ಲಿ ಕೂತು, ಸೋಂಕು ತಗುಲಿದವರು ಯಾರ ಯಾರ ಜೊತೆ ಇದ್ದರೆಂದು ಫೋನಿನಲ್ಲೇ ಹುಡುಕಿ ತೆಗೆಯುತ್ತಿದ್ದರು. ಡಾಕ್ಟರು ಬಂದಾಗಲೆಲ್ಲ "ಸಿಸ್ಟರಮ್ಮ ಇದ್ದರೆ ಸಾಕು" ಅನ್ನುತ್ತಿದ್ದರು. ಆಚೆ ಮೇಜಿನಲ್ಲಿ ರಿಜಿಸ್ಟರ್ ಬರೆಯುತ್ತಿದ್ದ ನಾನೇನು ನೊಣ ಹೊಡೆಯುತ್ತಿದ್ದೆನೇ?

ಬುಧವಾರ ಬೆಳಿಗ್ಗೆ ಫೋನು ಬಂತು. ಮೂಲೆಮನೆಯ ಟೈಲರಕ್ಕ. ಅಳು ನನ್ನ ಮೇಜಿನವರೆಗೂ ಕೇಳುತ್ತಿತ್ತು.

"ಸಿಸ್ಟರಮ್ಮ, ನಾನು ಆ ಡ್ರೈವರ್ ಮುಖ ನೋಡಿ ತಿಂಗಳಾಯ್ತು. ನನ್ನ ಬಾಗಿಲಿಗೆ ಯಾಕೆ ಪಟ್ಟಿ ಬಡಿದ್ರಿ? ಶುಕ್ರವಾರ ಮಗಳ ನರ್ಸಿಂಗ್ ಪರೀಕ್ಷೆ. ಸೀಲಾದ ಮನೆಯವ್ರನ್ನ ಒಳಗೆ ಬಿಡಲ್ವಂತೆ. ಹುಡುಗಿ ಒಂದು ವರ್ಷ ಮಣ್ಣುಪಾಲಾಗತ್ತೆ!"

ವಿಷಯ ಇಷ್ಟು. ಸಿಟಿ ಬಸ್ಸಿನ ಡ್ರೈವರ್ ಸೋಮವಾರ ಆಸ್ಪತ್ರೆ ಸೇರಿದ್ದ. ಅವನಿಗೆ ಪ್ರಜ್ಞೆ ಇರಲಿಲ್ಲ. ಅವನ ಹೆಂಡತಿ ಅಂದೇ ಮೂರು ಹೆಸರು ಕೊಟ್ಟಿದ್ದಳು. ಮಂಗಳವಾರ ಇನ್ನೊಂದು ಫೋನು ಬಂದಾಗ ಎತ್ತಿದವನು ನಾನು. ಬಾಯಿಗೆ ಬಟ್ಟೆ ಒತ್ತಿಕೊಂಡಂಥ ಹೆಣ್ಣುದನಿ, ಡ್ರೈವರನ ಭಾನುವಾರದ ಊಟ ಟೈಲರಕ್ಕನ ಮನೆಯಲ್ಲಾಯಿತು ಎಂದಿತು. ಶಾಲೆಯ ಹಳೇ ಫೋನು, ಯಾರ ನಂಬರನ್ನೂ ತೋರಿಸದು. ಸಂಜೆಯೊಳಗೆ ಟೈಲರಕ್ಕನ ಮನೆ ಸೀಲಾಯಿತು.

ಸಿಸ್ಟರಮ್ಮ ರಿಸೀವರ್ ಇಟ್ಟರು. "ಯಾರೋ ಬೇಕಂತಲೇ ಈ ಹೆಸರು ಸೇರಿಸಿದಾರೆ, ಪೋಸ್ಟಣ್ಣ. ಊಟ ನಿಜವಾಗಿದ್ದು, ಮನೆ ಮಾತ್ರ ಸುಳ್ಳಾಗಿದ್ರೆ? ಆಗ ಡ್ರೈವರ್ ಜೊತೆ ಉಂಡವರು ಇನ್ನೂ ಹೊರಗೆ ಓಡಾಡ್ತಿದಾರೆ. ನಿನ್ನೆ ಆ ಹೆಂಗಸು ಏನಂದ್ಳು, ಓದಿ."

"ರಿಜಿಸ್ಟರ್ ಮನೇಲಿದೆ ಸಿಸ್ಟರ್, ನಾಳೆ ತರ್ತೀನಿ," ಅಂದೆ.

ಸುಳ್ಳು. ಅದು ನನ್ನ ಚೀಲದಲ್ಲೇ ಇತ್ತು. ಈ ಸಲ ಕಂಡುಹಿಡಿಯುವವನು ನಾನೇ ಆಗಬೇಕೆಂಬ ಹಟ. ಹೊರಗೆ ಬಂದು ಮರೆಯಲ್ಲಿ ನಿಂತು ಓದಿಕೊಂಡೆ: "ಡ್ರೈವರ್ ಮನೆಯಿಂದ ಮಾತಾಡ್ತಿರೋದು. ಒಂದು ಹೆಸರು ಬಿಟ್ಟೋಗಿತ್ತು. ಭಾನುವಾರ ಮಧ್ಯಾಹ್ನ ಬಂದು, ಎರಡು ಸಲ ಬಡಿಸ್ಕೊಂಡು ಉಂಡು ಹೋದ್ರು, ಟೈಲರಕ್ಕನ ಮನೇಲಿ." ಇದರಲ್ಲಿ ನನಗೇನೂ ಹೊಳೆಯಲಿಲ್ಲ.

ಮೊದಲು ಡ್ರೈವರ್ ಹೆಂಡತಿಯ ಗೇಟಿನಾಚೆ ನಿಂತೆ. ಆಕೆ ಕಿಟಕಿಯಿಂದಲೇ ಸಿಡಿದಳು.

"ಫೋನ್ ಮಾಡಿದ್ದು ನಾನಲ್ಲ! ಮುಂಚೆ ನಮ್ಮನೆಯವ್ರು ಆ ಟೈಲರ್ ಹತ್ರ ಒಂದು ಗುಂಡಿ ಹಾಕ್ಸೋಕೆ ಹೋದ್ರೆ ಒಂದು ಗಂಟೆ ಮಾಡೋರು, ಆಗ ಹೊಟ್ಟೆ ಉರೀತಿತ್ತು, ನಿಜ. ಭಾನುವಾರ ಎಲ್ಲಿಗೋ ಹೋಗಿ ಉಂಡ್ಕೊಂಡು ಬಂದ್ರು. ಕೇಳಿದ್ರೆ ಬರೀ ನಗು. ನನ್ನ ಅಡುಗೆ ಅವ್ರಿಗೆ ಒಂದ್ಸಲ ಬಡಿಸಿದ್ರೇ ಹೆಚ್ಚು. ಅವ್ರ ತಂಗಿ ಬಡಿಸಿದ್ರೆ ಮಾತ್ರ ಎರಡು ಸಲ."

ಅಕ್ಷರ ಬಿಡದೆ ಬರೆದುಕೊಂಡೆ. ಸಂಶಯದ ಹೆಂಡತಿ, ಇನ್ನೇನು ಬೇಕು?

ಆದರೂ ಟೈಲರಕ್ಕನ ಎದುರಂಗಡಿಯ ಕಟಿಂಗ್ ಮಾಸ್ತರನನ್ನು ಕೇಳಿದೆ. "ಮಾಸ್ಕ್ ಹೊಲಿಯೋ ಕೆಲಸವೆಲ್ಲ ಅವಳಿಗೇ ಹೋಯ್ತು. ಬಾಗಿಲು ಮುಚ್ಚಿದ್ದು ನೋಡಿ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ?" ಅಂದ. "ಆದ್ರೆ ಹೆಣ್ಣುದನೀಲಿ ಫೋನ್ ಮಾಡೋಕೆ ಮನೇಲಿ ಹೆಂಗಸರೇ ಇಲ್ಲ, ನಾನೊಬ್ಬಂಟಿ ಮಾರಾಯ."

ಮಧ್ಯಾಹ್ನ ನನ್ನ ಮನೆ ಬಾಗಿಲಿಗೆ ಮೆಸ್ಸಮ್ಮ ಕ್ಯಾರಿಯರ್ ತಂದಳು. ಆಕೆ ಡ್ರೈವರನ ತಂಗಿ. ಮೂವತ್ತು ಮನೆಗೆ ಊಟ ಕೊಡುವವಳು. ಮಾಸ್ಕು ಗದ್ದಕ್ಕೆ ಇಳಿದಿತ್ತು.

"ಪಾಪ, ಟೈಲರ್ ಮಗಳ ಪರೀಕ್ಷೆ ಹೋಯ್ತಲ್ಲಣ್ಣ. ನಮ್ಮ ಹುಡುಗೀದೂ ಅದೇ ಪರೀಕ್ಷೆ. ಯಾವಾಗ್ಲೂ ಅವಳೇ ಮೊದಲು, ನಮ್ಮವಳು ಎರಡನೇದು."

"ಇದೆಲ್ಲ ನಿಮ್ಮ ಅತ್ತಿಗೆ ಕೆಲಸ ನೋಡಮ್ಮ," ಅಂದೆ ಗತ್ತಿನಲ್ಲಿ.

"ನಂಗೂ ಹಾಗೇ ಅನ್ಸತ್ತೆ," ಅಂದಳು. ಬಾಗಿಲಲ್ಲೇ ನಿಂತು ಕಾಲು ಗಂಟೆ ಹರಟಿದೆವು.

ಗುರುವಾರ ಎದೆಯುಬ್ಬಿಸಿ ಹೋಗಿ "ಹೆಂಡತಿಯೇ" ಎಂದೆ. ಸಿಸ್ಟರಮ್ಮ ಕೈ ಚಾಚಿದರು. ರಿಜಿಸ್ಟರ್ ಕೊಟ್ಟೆ. ಎರಡು ಪುಟ ಓದಿದರು, ಆಸ್ಪತ್ರೆಗೆ ಒಂದು ಫೋನು ಮಾಡಿದರು, ಎಲ್ಲರನ್ನೂ ಶಾಲೆಯ ಅಂಗಳಕ್ಕೆ ಕರೆಸಿದರು. ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಡಾಕ್ಟರು, ಮಾಸ್ತರ, ಮೆಸ್ಸಮ್ಮ, ನಾನು ನಿಂತೆವು. ಮೆಸ್ಸಮ್ಮನ ವೃತ್ತವನ್ನು ಮಾತ್ರ ಹದಿನೈದು ಅಡಿ ಆಚೆ ಬರೆದಿದ್ದರು. ಹೊರಗೆ ಬರಲಾಗದ ಹೆಂಡತಿಯೂ ಟೈಲರಕ್ಕನೂ ಮೇಜಿನ ಮೇಲಿನ ಎರಡು ಮೊಬೈಲುಗಳಲ್ಲಿ ಕೇಳಿಸಿಕೊಳ್ಳುತ್ತಿದ್ದರು.

"ಹೆಂಡತಿ ಹೇಳಿದ್ದು ಕೇಳಿ," ಸಿಸ್ಟರಮ್ಮ ಓದಿದರು. "'ಹೋಗಿ ಉಂಡ್ಕೊಂಡು ಬಂದ್ರು.' ಮನೇಲಿ ಕೂತು ಗಂಡನ ದಾರಿ ಕಾಯೋರು ಹಾಗೇ ಹೇಳೋದು. ಫೋನ್ ಮಾಡಿದಾಕೆ ಅಂದಿದ್ದು 'ಬಂದು, ಉಂಡು ಹೋದ್ರು.' ಅದು ತಟ್ಟೆ ಇಟ್ಟವರ ಮಾತು. ಬಾಯಿಗೆ ಬಟ್ಟೆ ಒತ್ತಿದ್ರೆ ದನಿ ಬದಲಾಗತ್ತೆ, ನಿಂತ ಜಾಗ ಬದಲಾಗತ್ತಾ?"

ಮಾಸ್ತರ ಆ ಎರಡು ಮಾತನ್ನೂ ಮೆಲ್ಲಗೆ ಹೇಳಿ ನೋಡಿಕೊಂಡ.

"ಟೈಲರಕ್ಕನೇ ತನ್ನ ಹೆಸರು ಕೊಟ್ಕೊಂಡು ಮಗಳ ಪರೀಕ್ಷೆ ಕೆಡಿಸ್ಕೊಳ್ತಾರಾ? ಇಲ್ಲ. ಹಾಗಾದ್ರೆ ತಟ್ಟೆ ಇಟ್ಟಿದ್ದು ಇನ್ಯಾರೋ. 'ಎರಡು ಸಲ ಬಡಿಸ್ಕೊಂಡು' ಅಂದಿದಾರೆ. ಎಷ್ಟು ಸಲ ಬಡಿಸಿದ್ದು ಅನ್ನೋದು ಸೌಟು ಹಿಡಿದವರಿಗೆ ಗೊತ್ತು, ಹೇಳದೆ ಇರೋಕೂ ಆಗಲ್ಲ. ಡ್ರೈವರ್ ಎರಡು ಸಲ ಹಾಕಿಸ್ಕೊಳ್ಳೋದು ಯಾರ ಕೈಯಿಂದ ಅಂತ ಹೆಂಡತಿನೇ ಹೇಳಿದಾರೆ. ಭಾನುವಾರದ ಊಟ ಎಲ್ಲಿ ಅಂತ ನಾವು ಹುಡುಕೋ ಮುಂಚೆ ಆ ಖಾಲಿ ಜಾಗಕ್ಕೆ ಬೇರೆ ಹೆಸರು ತುಂಬಿಬಿಟ್ರು. ಬೆಳಿಗ್ಗೆ ಡ್ರೈವರ್ ಕಣ್ಣು ಬಿಟ್ಟಿದಾರೆ. ಭಾನುವಾರ ಎಲ್ಲಿ ಉಂಡ್ರಿ ಅಂತ ನರ್ಸ್ ಕೇಳಿದ್ದಕ್ಕೆ ಕಾಗದದ ಮೇಲೆ ಒಂದೇ ಪದ ಬರೆದ್ರಂತೆ: ತಂಗಿ."

ಮೆಸ್ಸಮ್ಮ ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡಳು.

"ಹೌದು, ನಾನೇ. ನನ್ನ ಬಾಗಿಲಿಗೆ ಪಟ್ಟಿ ಬಿದ್ರೆ ನನ್ನ ಮಗಳಿಗೆ ಪರೀಕ್ಷೆ ಇಲ್ಲ, ಟೈಲರಕ್ಕನ ಮಗಳು ಮತ್ತೆ ಮೊದಲು. ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಒಂದ್ಸಲ, ಒಂದೇ ಒಂದ್ಸಲ ನನ್ನವಳು ಮುಂದೆ ಬರ್ಲಿ ಅಂತ... ನನ್ನ ಮಗಳಿಗೆ ಇದೇನೂ ಗೊತ್ತಿಲ್ಲ ಸಿಸ್ಟರಮ್ಮ."

ಮೇಜಿನ ಮೇಲಿನ ಮೊಬೈಲಿನಿಂದ ಟೈಲರಕ್ಕನ ದನಿ ಬಂತು. "ನಿನ್ನ ಮಗಳು ಓದ್ತಿದ್ದಿದ್ದೇ ನನ್ನ ಮಗಳ ನೋಟ್ಸಲ್ಲಿ ಕಣೇ."

ಟೈಲರಕ್ಕನ ಬಾಗಿಲಿನ ಪಟ್ಟಿ ಕೀಳಿಸಲು ಡಾಕ್ಟರು ಹೇಳಿದರು. ಮೆಸ್ಸಿಗೆ ಹೊಸ ಪಟ್ಟಿ ಹೋಯಿತು. ಏನೂ ಅರಿಯದ ಆ ಹುಡುಗಿಯ ಪರೀಕ್ಷೆ ತಪ್ಪಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

"ಸಿಸ್ಟರಮ್ಮ ಇದ್ದರೆ ಸಾಕು," ಅಂದರು ಡಾಕ್ಟರು.

"ಹಿಡಿದಿದ್ದು ಪೋಸ್ಟಣ್ಣನ ರಿಜಿಸ್ಟರ್ ಸಾರ್. ಬೇರೆ ಯಾರಾದ್ರೂ ಆಗಿದ್ರೆ ಮಾತು ತಿದ್ದಿ ಬರೀತಿದ್ರು. ಇವರು ಬಂದ ಕಾಗದ ಬಂದ ಹಾಗೇ ತಲುಪಿಸೋರು."

ನಾನು ಹಿಗ್ಗಿ ಹೀರೇಕಾಯಿಯಾದೆ. ಡಾಕ್ಟರು ಹೋದ ಮೇಲೆ ಆಕೆ ಮೆಲ್ಲಗೆ ಅಂದರು, "ನಿನ್ನೆ ರಿಜಿಸ್ಟರ್ ನಿಮ್ಮ ಚೀಲದಲ್ಲೇ ಇತ್ತು. ಮೂಲೆ ಕಾಣ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವೇ ಕೊಡ್ತೀರಿ ಅಂತ ಕಾದೆ. ನನ್ನದೂ ತಪ್ಪೇ. ಅಷ್ಟರಲ್ಲಿ ಮೂವತ್ತು ಮನೆಗೆ ಇನ್ನೊಂದು ದಿನ ಊಟ ಹೋಯ್ತು."

ಪೆನ್ನು ತೆಗೆದೆ. ಮೆಸ್ಸಿನ ಊಟ ಹೋಗುವ ಮನೆಗಳನ್ನು ಬೀದಿಯ ತುದಿಯಿಂದ ಒಂದೊಂದಾಗಿ, ನೆನಪಿನಿಂದಲೇ ಬರೆದೆ. ಇಪ್ಪತ್ತೊಂಬತ್ತಾದ ಮೇಲೆ ಕೈ ನಿಂತಿತು. ಮೂವತ್ತನೆಯದು ನನ್ನ ಮನೆ. ಎದುರಿಗೆ ಬರೆದೆ: "ಬುಧವಾರ ಮಧ್ಯಾಹ್ನ ಬಂದು, ಊಟ ಕೊಟ್ಟು, ಕಾಲು ಗಂಟೆ ಮಾತಾಡಿ ಹೋದರು."

ಸಿಸ್ಟರಮ್ಮ ಅದನ್ನೋದಿ ಎದ್ದುಹೋಗಿ ಕಿಟಕಿಗಳನ್ನೆಲ್ಲ ತೆರೆದರು. "ಮನೆಗೆ ಹೋಗಿ ಪೋಸ್ಟಣ್ಣ. ಹದಿನಾಲ್ಕು ದಿನ. ದಿನಾ ಬೆಳಿಗ್ಗೆ ಫೋನ್ ಮಾಡ್ತೀನಿ."

"ಅಲ್ಲೀವರೆಗೂ ರಿಜಿಸ್ಟರ್ ಯಾರು ಬರೀತಾರೆ?"

"ಶನಿವಾರದಿಂದ ಟೈಲರಕ್ಕನ ಮಗಳು ಬರ್ತಾಳೆ. ಅಕ್ಷರ ಮುತ್ತಿನ ಹಾಗಿದೆಯಂತೆ."

ಆ ಹೊತ್ತಿನಲ್ಲೂ, ದೇವರಾಣೆ, ನನಗೆ ಹೊಟ್ಟೆ ಉರಿಯಿತು.