ಹಿಡಿಯದ ಹೆಸರು

ಅದು ಯುದ್ಧದ ಕಾಲ. ಬಾಲ್ಟಿಮೋರಿನಲ್ಲಿ ನಾವು ಸರಕು ಹಡಗು ಕಟ್ಟುತ್ತಿದ್ದೆವು. ಅವಕ್ಕೆ ಸತ್ತವರ ಹೆಸರನ್ನು ಮಾತ್ರ ಇಡುವುದು ಪದ್ಧತಿ. ಆ ಸಲ ಬಂದದ್ದು ನನ್ನ ಅಣ್ಣ ಲೂಶಿಯಸ್‌ನ ಹೆಸರು. ಬದುಕಿದ್ದಾಗ ಕರಿಯನೆಂದು ಅವನಿಗೆ ಹಡಗಿನ ಅಡುಗೆಮನೆ ಬಿಟ್ಟು ಬೇರೆ ಜಾಗ ಕೊಡದವರು, ಅವನ ಹಡಗು ಮುಳುಗಿದ ಮೇಲೆ ಇಡೀ ಹಡಗನ್ನೇ ಅವನ ಹೆಸರಿಗೆ ಬರೆದರು. ಹಡಗಿನ ಮೂತಿಯ ಮೇಲೆ ಆ ಅಕ್ಷರಗಳನ್ನು ವೆಲ್ಡ್ ಮಾಡುವ ಕೆಲಸ ನನ್ನದೇ.

ಕಿಡಿ ಹಾರಿತು, ಕಬ್ಬಿಣ ಕರಗಿತು. ಆದರೆ ಮುಟ್ಟಿದರೆ ಅಕ್ಷರ ತಣ್ಣಗಿತ್ತು, ಒದ್ದೆಯಾಗಿತ್ತು. ಬೆರಳು ನೆಕ್ಕಿದೆ, ಉಪ್ಪುಪ್ಪು. ಮಧ್ಯಾಹ್ನದೊಳಗೆ ಎಲ್ಲ ಉದುರಿಬಿದ್ದವು.

"ನಿಮ್ಮವರ ಕೈಗೆ ಪೊರಕೇನೇ ಸರಿ ಕಣೇ," ಎಂದು ಮೇಸ್ತ್ರಿ ಹಾಸ್ಕಿನ್ಸ್ ತಾನೇ ಕೂತು ಬೆಸೆದ. ಅವನದೂ ಉದುರಿತು. ತನ್ನ ಬೆರಳು ನೋಡಿಕೊಂಡ, ಅಂಗಿಗೆ ಒರೆಸಿಕೊಂಡು ಎದ್ದುಹೋದ.

"ಅಳಬೇಡ ಕಣೇ ವರ್ಡೆಲ್," ಎಂದಳು ಜೊತೆಗಾತಿ ಓಪಲ್. "ನಿಮ್ಮಣ್ಣ ಹುಟ್ಟಾ ಮೊಂಡ. ಸತ್ತಿದ್ರೆ ತಾನೇ ಹೆಸರು ಬಿಟ್ಕೊಡೋದು."

ನಾಮಕರಣದ ಹಿಂದಿನ ದಿನ ಸುದ್ದಿ ಬಂತು: ತೆಪ್ಪದ ಮೇಲೆ ತೇಲುತ್ತಿದ್ದ ಲೂಶಿಯಸ್‌ನನ್ನು ಮೀನುಗಾರರು ಎತ್ತಿಕೊಂಡಿದ್ದಾರೆ, ಜೀವಂತವಾಗಿದ್ದಾನೆ. ಅಮ್ಮ ಮೆಟ್ಟಿಲ ಮೇಲೆಯೇ ಕುಸಿದು ಕೂತು ನಕ್ಕಳು. ಹಡಗಿಗೆ ಯಾರೋ ಸತ್ತ ಬಿಳಿಯನ ಹೆಸರು ಬಂತು. ಅದು ಒಂದೇ ಸಲಕ್ಕೆ ಹಿಡಿಯಿತು.

ಈಗ ಅಣ್ಣ ನನ್ನ ಅಡುಗೆಮನೆಯಲ್ಲಿ ಕೂತು, "ಉಪ್ಪು ಕಮ್ಮಿ ಕಣೇ," ಎನ್ನುತ್ತ ಅಲಸಂದೆ ತಿನ್ನುತ್ತಾನೆ. ಅಂದು ಉದುರಿದ ಒಂದು ಅಕ್ಷರವನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ. ದಿನಾ ಒರೆಸುತ್ತೇನೆ. ಅದು ಇನ್ನೂ ಒಣಗಿಲ್ಲ.