ಅಂಟಿಸದೆ ಉಳಿದ ಚೀಟಿ

ಸೋಮವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಗಂಡ ಹೆಂಡತಿ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಹೆಂಡತಿ ಮುಂದಿದ್ದಳು. ಗಂಡ ನಾಲ್ಕು ಹೆಜ್ಜೆ ಹಿಂದೆ, ಬರಲೋ ಬೇಡವೋ ಎನ್ನುವಂತೆ ಬರುತ್ತಿದ್ದ. ಹೆಂಡತಿಯ ಮೊಣಕೈಗೆ ಟೇಪಿನ ತುಂಡೊಂದು ಅಂಟಿಕೊಂಡಿತ್ತು. ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ದೂರು ಬರೆದುಕೊಂಡವನು ಠಾಣೆಯ ರೈಟರ್. ಕಾನ್‌ಸ್ಟೇಬಲ್ಲೇ ಆದರೂ ಬರೆಯುವ ಕೆಲಸ ಅವನದಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹೆಂಡತಿ ಹೇಳಿದ್ದು ಇಷ್ಟು. ಅವರದು ಎರಡನೇ ಮಹಡಿಯ ಬಾಡಿಗೆ ಮನೆ. ಗಂಡ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಅವನಿಗೆ ಪಕ್ಕದ ಊರಿನ ಕಚೇರಿಗೆ ವರ್ಗವಾಗಿದೆ. ಮೂರು ತಿಂಗಳಿಂದ ತಯಾರಿ ನಡೆದು, ಇವತ್ತು ಬೆಳಿಗ್ಗೆ ಎಂಟಕ್ಕೆ ಸಾಮಾನು ಸಾಗಿಸುವವರು ಬಂದರು. ಮೂವತ್ತೇಳು ಪೆಟ್ಟಿಗೆ ಕಟ್ಟಿದರು. ಲಾರಿ ಸೇರಿದ್ದು ಮೂವತ್ತಾರು. ಇಪ್ಪತ್ತಮೂರನೆಯದು ಇಲ್ಲ.

ಅದರಲ್ಲಿ ಚಿನ್ನವಿತ್ತೇ ಎಂದು ರೈಟರ್ ಕೇಳಿದ. ಹಳೆಯ ಕಾಗದಪತ್ರ ಎಂದಳು. ರೈಟರ್ ಪೆನ್ನು ಕೆಳಗಿಟ್ಟ.

"ಅದರಲ್ಲಿ ನನ್ನ ಸರ್ಟಿಫಿಕೇಟು ಇದೆ. ಅರ್ಜಿ ಹಾಕೋಕೆ ಶುಕ್ರವಾರ ಕೊನೇ ದಿನ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತೆ. ನೀವು ಬರ್ಕೊಳ್ಳಿ," ಎಂದಳು.

ಹನ್ನೆರಡು ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೇನೆ, ಓದಿದ್ದು ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಎಂದೂ ಹೇಳಿದಳು. ರೈಟರ್ ಪೆನ್ನು ಎತ್ತಿಕೊಂಡ. ಪಕ್ಕದಲ್ಲಿ ನಿಂತಿದ್ದ ಗಂಡ ಮೆಲ್ಲಗೆ, "ಬೇಡ ಕಣೇ, ಎಲ್ಲೋ ಇರುತ್ತೆ. ಲಾರಿಯವನು ಕಾಯ್ತಿದಾನೆ," ಎಂದ. ಅವಳು ತಿರುಗಿ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಒಳಗಿನಿಂದ ಬಂದು ಗಂಡನನ್ನು ಮಾತಾಡಿಸಿದರು. ಪೆಟ್ಟಿಗೆ ಕಟ್ಟುವಾಗ ಎಲ್ಲಿದ್ದಿರಿ, ಏನಾದರೂ ನೋಡಿದಿರಾ ಎಂದು ಕೇಳಿದರು. ಗಂಡ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಬಂದಿದ್ದಾಗಿಯೂ, ಹನ್ನೆರಡು ನಲವತ್ತೈದರ ಸುಮಾರಿಗೆ ಕೂಲಿಯವನೊಬ್ಬ ಹಿಂದಿನ ಮೆಟ್ಟಿಲಿನಿಂದ ಒಂದು ಪೆಟ್ಟಿಗೆ ಇಳಿಸಿಕೊಂಡು ಹೋದದ್ದನ್ನು ಕಂಡದ್ದಾಗಿಯೂ ಹೇಳಿದ.

"ಯಾವ ಕೂಲಿಯವನು?"

"ಅವನೇ, ಎತ್ತರದವನು."

"ಅದೇ ಪೆಟ್ಟಿಗೆ ಅಂತ ಹೇಗೆ ಗೊತ್ತು?"

"ನಂಬರ್ ಓದಿದೆ ಸಾರ್. ಕೆಂಪು ಅಕ್ಷರದಲ್ಲಿ ಇಪ್ಪತ್ತಮೂರು ಅಂತಿತ್ತು."

ಹೆಂಡತಿ ಗಂಡನ ಮುಖ ನೋಡಿದಳು. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಬಡವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು ಅಂತ ಸುಮ್ಮನಿದ್ದೆ ಎಂದು ಅವನು ನೆಲ ನೋಡಿಕೊಂಡು ಹೇಳಿದ. ಆ ಮಾತು ಇನ್ಸ್‌ಪೆಕ್ಟರಿಗೆ ಒಳ್ಳೆಯವನ ಮಾತಿನಂತೆ ಕೇಳಿಸಿತು. ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿದೆ, ಆಸಾಮಿ ಯಾರೆಂದೂ ಗೊತ್ತಾಗಿದೆ. ಇನ್ನೇನು ಕೇಳಬೇಕು ಎಂದುಕೊಂಡರು. ನಾಲ್ಕು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು.

ಐದು ಗಂಟೆಗೆ ಆ ಕೂಲಿಯವನನ್ನು ಲಾರಿಯ ಪಕ್ಕದಿಂದಲೇ ಕರೆತಂದರು. ಜೊತೆಯವರು ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಠಾಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು, ಒಳಗೆ ಬಂದ ಮೇಲೂ ತಲೆ ಎತ್ತಲಿಲ್ಲ. ಹನ್ನೆರಡೂವರೆಯಿಂದ ಒಂದೂಕಾಲಿನವರೆಗೆ ಎಲ್ಲರೂ ಲಾರಿಯ ನೆರಳಲ್ಲಿ ಕೂತು ಉಂಡೆವು, ತಾನು ಎದ್ದದ್ದು ಕೈ ತೊಳೆಯುವುದಕ್ಕೆ ಮಾತ್ರ ಎಂದ. ಕೈ ತೊಳೆದದ್ದು ಎಲ್ಲಿ ಎಂದರೆ, ಹಿಂದಿನ ಮೆಟ್ಟಿಲ ಕೆಳಗಿನ ನಲ್ಲಿಯಲ್ಲಿ ಎಂದ.

"ಅಲ್ಲಿಗೇ ಬಂತಲ್ಲಯ್ಯಾ," ಎಂದರು ಇನ್ಸ್‌ಪೆಕ್ಟರ್. "ಪೆಟ್ಟಿಗೆ ಎಲ್ಲಿ?"

"ನಾನು ಮುಟ್ಟಿಲ್ಲ ಸಾಹೇಬ್ರೇ. ನಮ್ಮದು ಜನರ ಮಲಗೋ ಕೋಣೆವರೆಗೂ ಹೋಗೋ ಕೆಲಸ. ಒಂದು ಸಲ ಹೆಸರು ಕೆಟ್ರೆ ಯಾರೂ ಹೊಸಲು ದಾಟಿಸಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಚಮಚ ಕಳೆದಿಲ್ಲ ನಾನು."

ಸಂಜೆಯೊಳಗೆ ಅವನ ಮಾಲೀಕ ಫೋನ್ ಮಾಡಿ, ಅವನನ್ನು ಕೆಲಸದಿಂದ ತೆಗೆದಿದ್ದೇನೆ, ನಮ್ಮ ಸಂಸ್ಥೆಯ ಹೆಸರು ಮಾತ್ರ ಎಲ್ಲೂ ಬರದಂತೆ ನೋಡಿಕೊಳ್ಳಿ ಎಂದ. ಇನ್ಸ್‌ಪೆಕ್ಟರ್ ಆ ಸುದ್ದಿಯನ್ನು ಉದ್ದಣ್ಣನಿಗೆ ಹೇಳಿದರು. ಹೆದರಿ ಬಾಯಿ ಬಿಡಬಹುದು ಎಂಬ ಲೆಕ್ಕಾಚಾರ. ಅವನು ಗೋಡೆಗೆ ಮುಖ ಮಾಡಿ ಕೂತ.

ಆರೂವರೆಗೆ ಗಂಡ ಒಬ್ಬನೇ ಮತ್ತೆ ಠಾಣೆಗೆ ಬಂದ. ಕೈಯಲ್ಲಿ ಊಟದ ಪೊಟ್ಟಣವಿತ್ತು. ಅವನಿಗೆ ಕೊಡಿ, ಹೊಡೀಬೇಡಿ, ಪೆಟ್ಟಿಗೆ ಸಿಗದಿದ್ದರೂ ಪರವಾಗಿಲ್ಲ, ಬಿಟ್ಟುಬಿಡಿ ಎಂದು ರೈಟರನನ್ನು ಬೇಡಿಕೊಂಡ. ರೈಟರ್‌ಗೆ ನಗು ಬಂತು. ಕಳ್ಳನಿಗೆ ಊಟ ಕಟ್ಟಿಕೊಂಡು ಬರುವ ದೂರುದಾರನನ್ನು ಅವನು ನೋಡಿದ್ದು ಅದೇ ಮೊದಲು. ಆದರೂ ಅಭ್ಯಾಸಬಲದಿಂದ ಅದನ್ನೂ ಸಮಯ ಹಾಕಿ ಬರೆದಿಟ್ಟ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಇನ್ಸ್‌ಪೆಕ್ಟರ್, ರೈಟರ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಸ್ಥಳ ಪಂಚನಾಮೆಗೆ ಆ ಮನೆಗೆ ಹೋದರು. ಕೆಳಗಿನ ಮನೆಯವರಿಬ್ಬರು ಪಂಚರಾದರು. ಲಾರಿ ತುಂಬಿದ ಹಾಗೇ ರಸ್ತೆಯಲ್ಲಿ ನಿಂತಿತ್ತು. ಹೆಂಡತಿ ಹನ್ನೆರಡು ವರ್ಷದ ಮಗಳ ಜೊತೆ ರಾತ್ರಿ ಪಕ್ಕದ ಮನೆಯಲ್ಲಿ ಮಲಗಿದ್ದಳು, ಗಂಡ ಬೆಳಿಗ್ಗೆಯೇ ಕಚೇರಿಗೆ ಹೋಗಿದ್ದ. ಸಂಜೆ ಹೊಸ ಬಾಡಿಗೆಯವರು ಬರುವವರಿದ್ದರು.

ಮನೆ ಖಾಲಿಯಾಗಿತ್ತು. ಕಪಾಟು ಇದ್ದ ಕಡೆ ಗೋಡೆಯ ಬಣ್ಣ ಹೊಸದರಂತಿತ್ತು. ಹೊಲಿಗೆ ಯಂತ್ರದ ನಾಲ್ಕು ಕಾಲಿನ ಗುರುತು ಕಿಟಕಿಯ ಹತ್ತಿರ ನೆಲದಲ್ಲಿ ಕೂತಿತ್ತು. ಬಾಗಿಲ ಪಕ್ಕದಲ್ಲಿ ತುಕ್ಕು ಹಿಡಿದ ಖಾಲಿ ಟ್ರಂಕು ಬಿದ್ದಿತ್ತು. ಅದರ ಮುಚ್ಚಳದ ಹಿಂದಿನ ಕೀಲು ಕಿತ್ತಿತ್ತು, ಮುಂದಿನ ಬೀಗ ಹಾಕಿದ ಹಾಗೇ ಇತ್ತು.

ಇದು ಯಾರದ್ದು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಗಂಡನದು ಎಂದಳು ಹೆಂಡತಿ. ಮನೆಯ ಕಾಗದಗಳೆಲ್ಲ ಅದರಲ್ಲೇ ಇರುತ್ತಿದ್ದವು. ಸರ್ಟಿಫಿಕೇಟು ತೆಗೆದುಕೊಡಿ ಎಂದು ಮೂರು ತಿಂಗಳಿಂದ ಕೇಳುತ್ತಿದ್ದಳು. ನಾಳೆ, ನಾಡಿದ್ದು ಎನ್ನುತ್ತಿದ್ದ. ಟ್ರಂಕನ್ನು ಯಾರೂ ಮುಟ್ಟಬೇಡಿ, ಕೊನೆಯಲ್ಲಿ ನಾನೇ ತರುತ್ತೇನೆ ಎಂದಿದ್ದ. ನಿನ್ನೆ ಅಟ್ಟದಿಂದ ಇಳಿಸುವಾಗ ಕೀಲು ಕಿತ್ತು ಮುಚ್ಚಳ ಬಾಯಿ ತೆರೆಯಿತು. ಅದರೊಳಗಿನದನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಎಂದು ಹೇಳಿ ಅವಳು ಹಾಸಿಗೆ ಮಡಚಲು ಹೋದಳು.

ತುಂಬಿದವಳು ಸಾಗಣೆಯವರ ಕಡೆಯ ಹೆಂಗಸು. ಪಟ್ಟಿ ಬರೆಯುವುದು ಅವಳ ಕೆಲಸವಾದ್ದರಿಂದ ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ಊದಿತ್ತು. ನಾನು ಲಾರಿ ಹತ್ತಿರವೇ ನಿಂತು ಎಲ್ಲವನ್ನೂ ಹತ್ತಿಸಿದ್ದು, ಉದ್ದಣ್ಣ ತಗೊಂಡಿದ್ದರೆ ನನ್ನ ತಪ್ಪೂ ಇದೆ, ತಗೊಂಡಿಲ್ಲದಿದ್ದರೆ ಇನ್ನೂ ದೊಡ್ಡ ತಪ್ಪು ಎಂದಳು. ಇನ್ಸ್‌ಪೆಕ್ಟರ್ ಅವಳಿಗೆ, ನಿಮ್ಮ ಕೆಲಸ ಹೇಗೆ ನಡೆಯುತ್ತೆ, ಮೊದಲಿಂದ ಮಾಡಿ ತೋರಿಸಿ ಎಂದರು. ನಿನ್ನೆಯೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅವಳು ಉಳಿದಿದ್ದ ಖಾಲಿ ಪೆಟ್ಟಿಗೆ ತೆಗೆದುಕೊಂಡಳು. ತಳ ಮಡಚಿದಳು, ಟೇಪು ಹಾಕಿದಳು, ಒಳಗಿರುವುದು ಏನೆಂದು ಮೇಲೆ ಪೆನ್ಸಿಲಿನಲ್ಲಿ ಗೀಚಿದಳು, ಪುಸ್ತಕದಲ್ಲಿ ಒಂದು ಸಾಲು ಬರೆದಳು, ಪೆಟ್ಟಿಗೆಯನ್ನು ಗೋಡೆಗೆ ತಳ್ಳಿದಳು.

"ನಂಬರ್ ಬರೀಲಿಲ್ವಲ್ಲ?"

"ಈಗ ಬರೆಯಲ್ಲ ಸಾರ್. ಮನೆಯವರು ಕಟ್ಟಿದ್ದನ್ನ ಮತ್ತೆ ಬಿಚ್ಚುತ್ತಾರೆ. ಬಾಚಣಿಗೆ ಬೇಕು ಅಂತಾರೆ, ಮಗುವಿನ ಸ್ವೆಟರ್ ಬೇಕು ಅಂತಾರೆ. ಆಮೇಲೆ ಎರಡು ಪೆಟ್ಟಿಗೆ ಒಂದಾಗುತ್ತೆ. ಅದಕ್ಕೆ ನಂಬರು ಪುಸ್ತಕದಲ್ಲಿ ಮಾತ್ರ. ಪೆಟ್ಟಿಗೆ ಲಾರಿಯ ಹಲಗೆ ಹತ್ತುವಾಗ ನಾನೇ ಚೀಟಿ ಅಂಟಿಸ್ತೀನಿ."

ಅವಳು ಪುಸ್ತಕದ ನಡುವಿನಿಂದ ಒಂದು ಹಾಳೆ ತೆಗೆದಳು. ಹಿಂದೆ ಅಂಟು ಇರುವ ಚೀಟಿಗಳ ಹಾಳೆ ಅದು. ಒಂದರಿಂದ ಮೂವತ್ತೇಳರವರೆಗೆ ಚೀಟಿಗಳಿದ್ದ ಜಾಗವೆಲ್ಲ ಖಾಲಿ. ನಡುವೆ ಒಂದೇ ಒಂದು ಚೀಟಿ ಉಳಿದಿತ್ತು. ಕೆಂಪು ಅಕ್ಷರದಲ್ಲಿ ಇಪ್ಪತ್ತಮೂರು.

ಲಾರಿ ತುಂಬಲು ಶುರು ಮಾಡಿದ್ದು ಎಷ್ಟು ಗಂಟೆಗೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಎರಡಕ್ಕೆ ಎಂದಳು. ಅಂದರೆ ಹನ್ನೆರಡು ನಲವತ್ತೈದಕ್ಕೆ ಆ ಮನೆಯ ಯಾವ ಪೆಟ್ಟಿಗೆಯ ಮೇಲೂ ಯಾವ ನಂಬರೂ ಇರಲಿಲ್ಲ. ಇಲ್ಲದ ನಂಬರನ್ನು ಗಂಡ ಓದಿದ್ದ.

ರೈಟರ್ ಬರೆಯುವುದನ್ನು ನಿಲ್ಲಿಸಿದ. ರೆಕಾರ್ಡ್ ರೂಮಿನಲ್ಲಿ ಕಾಗದ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಅದರ ಮೇಲೆ ನಂಬರ್ ಬೀಳುತ್ತದೆ. ಪೆಟ್ಟಿಗೆಗೂ ಹಾಗೇ ಎಂದು ಗುಮಾಸ್ತ ಅಂದುಕೊಂಡಿದ್ದ. ಹೆಂಡತಿ ಫೋನ್ ಮಾಡಿ ಕರೆಸಿದಾಗ, ಮೂರು ಇಪ್ಪತ್ತಕ್ಕೆ ಬಂದು, ಲಾರಿಯಲ್ಲಿದ್ದ ಕೆಂಪು ನಂಬರುಗಳನ್ನು ನೋಡಿದ್ದ. ಉಳಿದದ್ದನ್ನು ಮನಸ್ಸಿನಲ್ಲೇ ಸೇರಿಸಿಕೊಂಡಿದ್ದ.

ಹೆಂಡತಿ ಅಲ್ಲೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಮನುಷ್ಯ ರಾತ್ರಿಯೆಲ್ಲ ಠಾಣೆಯಲ್ಲಿದ್ದನೇ ಎಂದಷ್ಟೇ ಕೇಳಿದಳು. ಹೌದು ಎಂದರು ಇನ್ಸ್‌ಪೆಕ್ಟರ್.

ಹನ್ನೊಂದು ಇಪ್ಪತ್ತಕ್ಕೆ ಕಚೇರಿಯ ಗೇಟಿನಲ್ಲಿ ಕಾವಲುಗಾರನ ಪುಸ್ತಕ ತೆಗೆಸಿದರು. ಗುಮಾಸ್ತ ಸೋಮವಾರ ಹನ್ನೆರಡು ಇಪ್ಪತ್ತಕ್ಕೆ ಹೊರಗೆ ಹೋಗಿದ್ದ, ಒಂದು ಹತ್ತಕ್ಕೆ ಸ್ಕೂಟರಿನಲ್ಲಿ ವಾಪಸು ಬಂದಿದ್ದ. 'ಹಳೆಯ ಕಡತ, ಒಂದು ಪೆಟ್ಟಿಗೆ' ಎಂದು ಬರೆದು ತಾನೇ ಸಹಿ ಮಾಡಿದ್ದ. ಅವರು ಬಿಡಿ ಸಾರ್, ಮನೆಗೂ ಕಚೇರಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯ ಎಂದು ಕಾವಲುಗಾರ ಹೊಗಳಿದ.

ರೆಕಾರ್ಡ್ ರೂಮು ಉದ್ದಕ್ಕೆ, ಕಿರಿದಾಗಿತ್ತು. ಎರಡೂ ಕಡೆ ಸೂರಿನವರೆಗೆ ಕಬ್ಬಿಣದ ಹಲಗೆಗಳು. ಗುಮಾಸ್ತ ತನ್ನ ನಂತರ ಬರುವವನಿಗೆ ಒಪ್ಪಿಸಬೇಕಾದ ಕಡತಗಳ ಪಟ್ಟಿ ಮಾಡುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಏನೂ ಕೇಳುವ ಮೊದಲೇ ಅವನ ಕಣ್ಣು ಮೂಲೆಯ ಕೆಳಗಿನ ಹಲಗೆಗೆ ಹೋಯಿತು. ಪೆಟ್ಟಿಗೆ ಅಲ್ಲಿತ್ತು. ಟೇಪನ್ನು ಬಿಚ್ಚಿರಲಿಲ್ಲ. ಇಬ್ಬರು ಸಹೋದ್ಯೋಗಿಗಳನ್ನು ಪಂಚರನ್ನಾಗಿ ಮಾಡಿಕೊಂಡು ಅವರೆದುರು ಬಿಚ್ಚಿದರು.

ಮೇಲೆ ಮಗಳ ಅಂಕಪಟ್ಟಿಗಳು, ಬಾಡಿಗೆ ಕರಾರು, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹೆಂಡತಿಯ ಸರ್ಟಿಫಿಕೇಟುಗಳು. ತಳದಲ್ಲಿ ದಾರ ಕಟ್ಟಿದ ಒಂದು ಫೈಲು. ಫೈಲಿನಲ್ಲಿ ಒಂದೇ ಲಕೋಟೆ. ರಿಜಿಸ್ಟರ್ಡ್ ಅಂಚೆಯದು, ಹೆಂಡತಿಯ ಹೆಸರಿಗೆ ಬಂದದ್ದು. ಅದರ ಮೂಲೆಯಲ್ಲಿ ಗುಂಡಾದ ಅಕ್ಷರದಲ್ಲಿ 'ತಲುಪಿದ ದಿನಾಂಕ' ಎಂದು ಬರೆದು ಹನ್ನೆರಡು ವರ್ಷದ ಹಿಂದಿನ ತಾರೀಖು ಹಾಕಿತ್ತು. ಗೇಟಿನ ಪುಸ್ತಕದಲ್ಲಿದ್ದದ್ದೂ ಅದೇ ಅಕ್ಷರ. ಒಳಗೆ ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಅವಳನ್ನು ನೇಮಿಸಿದ ಆದೇಶ. ಹದಿನೈದು ದಿನದೊಳಗೆ ಹಾಜರಾಗಬೇಕು ಎಂದಿತ್ತು.

"ಇದು ಅವರಿಗೆ ಗೊತ್ತಾ?"

"ಇಲ್ಲ ಸಾರ್. ಆಯ್ಕೆ ಆಗ್ಲಿಲ್ಲ ಅಂದ್ಕೊಂಡಿದಾಳೆ."

ಆಮೇಲೆ ಅವನು ಕೇಳದೆಯೇ ಹೇಳುತ್ತಾ ಹೋದ. ಆ ಕಾಗದ ಬಂದ ದಿನ ಮಗುವಿಗೆ ಒಂಬತ್ತು ದಿನ. ಆಸ್ಪತ್ರೆ ಇದ್ದದ್ದು ಬೇರೆ ಊರಿನಲ್ಲಿ. ಹೆಂಡತಿ ತವರಿನಲ್ಲಿದ್ದಳು. ಹೇಳಿದರೆ ಹಸಿ ಮೈಯಲ್ಲೇ ಹೊರಟುಬಿಡುತ್ತಾಳೆ, ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡ. ಕಾಗದ ಬಂದ ಹತ್ತನೆಯ ದಿನ ಹೋಗಿ ಕೂತ, ಮಗು ಅಳುತ್ತಿತ್ತು, ಎದ್ದು ಬಂದ. ಹದಿನಾರನೆಯ ದಿನದಿಂದ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಅವಳು ಹೊಲಿಗೆ ಯಂತ್ರ ಕೊಂಡ ದಿನ ತಾನೇ ಹೊತ್ತು ಮಹಡಿ ಹತ್ತಿಸಿದ. ನನಗೆ ಅಷ್ಟು ಬುದ್ಧಿ ಇಲ್ಲ ಅಂತ ಕಾಣುತ್ತೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಅವನು ಊಟ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದ.

"ಹರಿದು ಹಾಕಬಹುದಿತ್ತಲ್ಲ," ಎಂದ ರೈಟರ್, ತಡೆಯಲಾರದೆ.

"ಕಾಗದ ಹರಿಯೋಕೆ ನನ್ನ ಕೈಲಿ ಆಗಲ್ಲ. ಇಪ್ಪತ್ತೆರಡು ವರ್ಷ ಆಯ್ತು ಈ ಕೋಣೇಲಿ, ಒಂದು ಚೂರೂ ಹರಿದಿಲ್ಲ."

ನಿನ್ನೆ ಮಧ್ಯಾಹ್ನ ಮನೆಗೆ ಬಂದಾಗ ಟ್ರಂಕು ಖಾಲಿಯಾಗಿತ್ತು ಎಂದ. ಹೆಂಡತಿ ಕೆಳಗೆ ಮನೆ ಮಾಲೀಕನಿಗೆ ಮೀಟರ್ ತೋರಿಸುತ್ತಿದ್ದಳು, ಕೂಲಿಯವರು ಉಣ್ಣುತ್ತಿದ್ದರು. ಬಿಚ್ಚಿ ಹುಡುಕಲು ಹೊತ್ತಿರಲಿಲ್ಲ. ಪಟ್ಟಿ ಅಕ್ಕ 'ಕಾಗದ' ಎಂದು ಪೆನ್ಸಿಲಿನಲ್ಲಿ ಬರೆದಿದ್ದ ಪೆಟ್ಟಿಗೆಯನ್ನು ಇಡಿಯಾಗಿ ಹೊತ್ತುಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದ. ಕಳೆದುಹೋಯಿತು ಎಂದರೆ ಸುಮ್ಮನಾಗುತ್ತಾಳೆ, ಆಮೇಲೆ ಸರ್ಟಿಫಿಕೇಟು ಮಾತ್ರ ಸಿಕ್ಕಿತೆಂದು ತಂದುಕೊಡೋಣ ಎಂದುಕೊಂಡಿದ್ದ. ಅವಳು ಸುಮ್ಮನಾಗಲಿಲ್ಲ.

"ಆ ಕೂಲಿಯವನ ಮೇಲೆ ಯಾಕೆ ಹಾಕಿದ್ರಿ?"

"ಇಳಿದು ಬರುವಾಗ ನಲ್ಲಿ ಹತ್ತಿರ ಅವನು ಕೈ ತೊಳೀತಿದ್ದ. ನನ್ನ ಕಡೆ ಬೆನ್ನಿತ್ತು. ನೀವು ಕೇಳಿದಾಗ ಆ ಬೆನ್ನೇ ಕಣ್ಣಿಗೆ ಬಂತು."

ಹನ್ನೆರಡು ಐವತ್ತಕ್ಕೆ ಅವನನ್ನು ಬಂಧಿಸಲಾಯಿತು. ಪೊಲೀಸರಿಗೆ ಸುಳ್ಳು ಮಾಹಿತಿ ನೀಡಿ ನಿರಪರಾಧಿಯನ್ನು ಸಿಕ್ಕಿಸಿದ್ದು ಒಂದು, ಇನ್ನೊಬ್ಬರ ಹೆಸರಿನ ರಿಜಿಸ್ಟರ್ಡ್ ಅಂಚೆಯನ್ನು ಮುಚ್ಚಿಟ್ಟದ್ದು ಇನ್ನೊಂದು. ಬಂಧನದ ಪತ್ರಕ್ಕೆ ಸಹಿ ಮಾಡಿ, ರೂಢಿಯಂತೆ ಅದರ ಕೆಳಗೆ ತಾರೀಖು ಬರೆದ.

ಒಂದೂವರೆಗೆ ಉದ್ದಣ್ಣನನ್ನು ಬಿಟ್ಟರು. ಇನ್ಸ್‌ಪೆಕ್ಟರ್ ಅವನಿಗೆ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ. ಈ ಮನುಷ್ಯನ ಮೇಲೆ ಯಾವ ಆರೋಪವೂ ಇಲ್ಲ, ತಪ್ಪು ತನಿಖೆ ಮಾಡಿದವರದು ಎಂದು ಠಾಣೆಯ ಮೊಹರು ಹಾಕಿದ ಪತ್ರ ಬರೆದು, ಮಾಲೀಕನಿಗೆ ಫೋನಿನಲ್ಲೂ ಓದಿ ಹೇಳಿದರು. ನೋಡೋಣ ಎಂದ ಮಾಲೀಕ.

"ನಾನು ಒಂದು ಪ್ರಶ್ನೆ ಹೆಚ್ಚು ಕೇಳಿದ್ದರೆ ನೀವು ನಿನ್ನೆಯೇ ಮನೆಗೆ ಹೋಗ್ತಿದ್ರಿ," ಎಂದರು ಇನ್ಸ್‌ಪೆಕ್ಟರ್.

ಉದ್ದಣ್ಣ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. "ಇದನ್ನ ಎಷ್ಟು ಮನೆಗೆ ತೋರಿಸಿಕೊಂಡು ಓಡಾಡಲಿ ಸಾಹೇಬ್ರೇ," ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟ.

ಎರಡು ಗಂಟೆಗೆ ಹೆಂಡತಿ ಬಂದಳು. ಮಹಿಳಾ ಕಾನ್‌ಸ್ಟೇಬಲ್ ದಾರಿಯಲ್ಲೇ ಎಲ್ಲವನ್ನೂ ಹೇಳಿದ್ದಳು. ಸರ್ಟಿಫಿಕೇಟುಗಳನ್ನು ಸಹಿ ಪಡೆದು ಕೊಟ್ಟರು. ಲಕೋಟೆ ಸಾಕ್ಷ್ಯವಾದ್ದರಿಂದ ಕೊಡುವಂತಿಲ್ಲ, ಇಲ್ಲೇ ಓದಬಹುದು ಎಂದರು. ಅವಳು ನಿಂತೇ ಓದಿದಳು. ತನ್ನ ಹೆಸರಿದ್ದ ಸಾಲಿಗೆ ಬಂದು ತಡೆದಳು, ಮತ್ತೆ ಮೊದಲಿಂದ ಓದಿದಳು.

"ನಾನು ಪಾಸಾಗಿದ್ದೆ," ಎಂದಳು, ಯಾರನ್ನೂ ನೋಡದೆ.

ಗಂಡ ಒಳಗಿನ ಕೋಣೆಯಲ್ಲಿದ್ದ. ನೋಡುತ್ತೀರಾ ಎಂದು ಕೇಳಿದರು. ಈಗ ಬೇಡ ಎಂದಳು. ಉದ್ದಣ್ಣ ಯಾವ ಕಡೆ ಹೋದ ಎಂದು ಕೇಳಿಕೊಂಡು, ಲಕೋಟೆಯನ್ನು ಮೇಜಿನ ಮೇಲಿಟ್ಟು ಬೇಗ ಬೇಗ ಮೆಟ್ಟಿಲಿಳಿದಳು. ರಸ್ತೆಯ ತಿರುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಅವನನ್ನು ಅವಳು ಮಾತಾಡಿಸಿದ್ದು, ಇಬ್ಬರೂ ಸ್ವಲ್ಪ ಹೊತ್ತು ನಿಂತದ್ದು ಠಾಣೆಯ ಕಿಟಕಿಗೆ ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಕೊನೆಗೆ ಇಬ್ಬರೂ ಲಾರಿ ನಿಂತಿದ್ದ ರಸ್ತೆಯ ಕಡೆಗೆ ನಡೆದರು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ಮುಗಿಸಲು ಕೂತರು. ಕೃತ್ಯಕ್ಕೆ ಕಾರಣ ಎಂಬ ಸಾಲಿನಲ್ಲಿ ಮೊದಲು 'ಭಯ' ಎಂದು ಬರೆದರು. ಅದು ಸಾಲದು ಅನ್ನಿಸಿತು. ಹೊಡೆದುಹಾಕಿ ಬರೆದರು: 'ಹದಿನೈದು ದಿನದೊಳಗೆ ಹೇಳಬೇಕಿದ್ದ ಒಂದು ಮಾತನ್ನು ಹದಿನಾರನೆಯ ದಿನ ಹೇಳಲು ನಾಚಿದ್ದು.'