ಅಜ್ಜಿಯ ಕೈ ಜುಂ ಅಂದದ್ದು

"ಸಾಕು ಬಿಡಮ್ಮ, ಇದು ಎಣ್ಣೆ ಹಚ್ಚಿದ್ರೆ ಹೋಗೋದಲ್ಲ" ಎಂದು ಧರ್ಮಾವತಿ ಅಜ್ಜಿ ಕೈ ಎಳೆದುಕೊಂಡರು.

ಅಮ್ಮ ಬಿಡಲಿಲ್ಲ. "ಇದು ವಾಯು, ಅತ್ತೆ. ವಯಸ್ಸಾದ ಮೇಲೆ ಬರುತ್ತೆ. ನಾಲ್ಕು ದಿನ ತಿಕ್ಕಿದ್ರೆ ಸರಿಹೋಗುತ್ತೆ."

"ಷವರಿನ ನಲ್ಲಿಯನ್ನ ಮುಟ್ಟಿದಾಗ ಮಾತ್ರ ಜುಂ ಅನ್ನುತ್ತೆ ಅಂತ ಎಷ್ಟು ಸಲ ಹೇಳ್ಲಿ?"

ಪಕ್ಕದಲ್ಲಿ ಮಗ್ಗಿ ಬರೆಯುತ್ತಿದ್ದ ಮೊಮ್ಮಗಳು ಕಾಂಚನಮಾಲಾ ತಲೆ ಎತ್ತಲೇ ಇಲ್ಲ. ದಿನಾ ಅಜ್ಜಿಯದು ಅದೇ ಮಾತು, ಅಮ್ಮನದು ಅದೇ ಎಣ್ಣೆ. ಅವಳಿಗೂ ಕೇಳಿ ಕೇಳಿ ಸಾಕಾಗಿತ್ತು.

ಹಳೇಬೀಡಿನ ಆ ಬೀದಿಯಲ್ಲಿ ಷವರ್ ಇದ್ದದ್ದು ಇವರ ಮನೆಯಲ್ಲಿ ಮಾತ್ರ. ತಾತ ಬದುಕಿದ್ದಾಗ ಆಸೆಪಟ್ಟು ಹಾಕಿಸಿದ್ದು. ಗೋಡೆಯ ಮೇಲೆ ಕರೆಂಟಿನ ಗೀಸರ್, ಅದರಿಂದ ಇಳಿದ ಕಬ್ಬಿಣದ ಪೈಪು. ಈಗ ಎಲ್ಲಕ್ಕೂ ತುಕ್ಕು ಹಿಡಿದಿತ್ತು. ಆದರೂ ಸೊಂಟ ಬಗ್ಗದ ಅಜ್ಜಿಗೆ ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವುದಕ್ಕಿಂತ ಅದೇ ಸುಲಭವಾಗಿತ್ತು.

ಅಪ್ಪ ಪರೀಕ್ಷೆ ಮಾಡಿ ನೋಡಿರಲಿಲ್ಲ ಎಂದೇನಲ್ಲ. ಮೊನ್ನೆ ತಾನೇ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. "ನೋಡಮ್ಮ, ಏನೂ ಇಲ್ಲ. ಕರೆಂಟಿದ್ರೆ ನನಗೆ ಹೊಡೀತಿರ್ಲಿಲ್ವಾ?" ಅಜ್ಜಿ ಕೈ ಉಜ್ಜಿಕೊಳ್ಳುತ್ತಾ ಒಳಗೆ ಹೋಗಿದ್ದರು.

ಮಾರನೆಯ ದಿನ ಚತುರ್ದಶಿ. ಅಜ್ಜಿಯ ಜೊತೆ ಬಸದಿಗೆ ಹೋಗಲು ಕಾಂಚನಮಾಲಾ ಬೇಗ ಎದ್ದಳು.

ಬಚ್ಚಲ ಕಲ್ಲು ಜಾರುತ್ತದೆಂದು ಮನೆಯವರೆಲ್ಲ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗುತ್ತಿದ್ದರು. ಅಜ್ಜಿ ಮಾತ್ರ ಇಲ್ಲ. ಸ್ನಾನ ಮಾಡಿ ಮಡಿಯಲ್ಲೇ ಬಸದಿಗೆ ಹೊರಡುವ ಅವರು ಚಪ್ಪಲಿ ಮುಟ್ಟುತ್ತಿರಲಿಲ್ಲ. ತಾನೂ ಅಜ್ಜಿಯ ಹಾಗೇ ಮಡಿ ಮಾಡಬೇಕೆಂದು ಕಾಂಚನಮಾಲಾ ಇವತ್ತು ಚಪ್ಪಲಿಯನ್ನು ಹೊರಗೇ ಬಿಟ್ಟಳು.

ನಲ್ಲಿಗೆ ಕೈ ಹಾಕಿದ್ದೇ ತಡ, ಬೆರಳಿನಿಂದ ಮೊಣಕೈವರೆಗೂ ಜುಂ ಎಂದಿತು. ಕೈ ಕಿತ್ತುಕೊಂಡು ಹೊರಗೆ ಓಡಿದಳು.

"ಅಪ್ಪಾ! ಷಾಕ್ ಹೊಡೀತು!"

ಅಪ್ಪ ಕುಡಿಯುತ್ತಿದ್ದ ಕಾಫಿ ಬಿಟ್ಟು ಎದ್ದು ಮೇನ್ ಸ್ವಿಚ್ ಇಳಿಸಿದರು. ಬರಿಮೈಯಲ್ಲೇ ಸೈಕಲ್ ಹತ್ತಿ ಹೋಗಿ, ವೈರಿಂಗ್ ಕೆಲಸದ ಕೆಂಚಪ್ಪನನ್ನು ಕೂರಿಸಿಕೊಂಡು ಬಂದರು.

ಕೆಂಚಪ್ಪ ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ ಹಾಕಿಸಿ, ಪೈಪಿಗೆ ಟೆಸ್ಟರ್ ಮುಟ್ಟಿಸಿದ. ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಹತ್ತಿಕೊಂಡಿತು. ಮತ್ತೆ ಸ್ವಿಚ್ ತೆಗೆಸಿ ಗೀಸರ್ ಬಿಚ್ಚಿದ.

"ನೀರು ಕಾಯಿಸೋ ಕಾಯಿಲ್ ಒಡೆದೈತೆ ಸ್ವಾಮಿ. ಅರ್ತ್ ತಂತಿನೂ ತುಂಡಾಗೈತೆ. ಸೋರಿದ ಕರೆಂಟು ನೆಲಕ್ಕೆ ಇಳಿಯಕ್ಕೆ ದಾರಿನೇ ಇಲ್ಲ. ಮುಟ್ಟಿದೋರ ಮೈಮೇಲೇ ಬತ್ತೈತೆ."

"ನನಗೆ ಏನೂ ಆಗ್ಲಿಲ್ವಲ್ಲ?"

"ಅಪ್ಪಾ, ನಾನು ಚಪ್ಪಲಿ ಹಾಕಿರ್ಲಿಲ್ಲ" ಎಂದಳು ಕಾಂಚನಮಾಲಾ.

ಅಪ್ಪ ತಮ್ಮ ಕಾಲು ನೋಡಿಕೊಂಡರು. ರಬ್ಬರಿನ ಮೇಲೆ ನಿಂತವರಿಗೆ ಷಾಕ್ ತಟ್ಟುವುದಿಲ್ಲವೆಂದು ಅವರಿಗೂ ಗೊತ್ತಿದ್ದದ್ದೇ.

"ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ..." ಎಂದು ಕೆಂಚಪ್ಪ ತಲೆ ಅಲ್ಲಾಡಿಸಿದ.

ಅಪ್ಪ ಮಗಳ ತಲೆ ಸವರಿದರು. "ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಿ. ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಕಾಂಚನಮಾಲಾ ಕೂಗಿದ್ದು ಒಂದೇ ಸಲ.

"ಅಜ್ಜಿ ಹೇಳಿದ್ರಲ್ಲಪ್ಪ," ಎಂದಳು ಮೆಲ್ಲಗೆ. "ನಾವ್ಯಾರೂ ಕೇಳ್ಲಿಲ್ಲ."

ತಲೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಕಾಂಚನಮಾಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಒಂದೊಂದೇ ಬೆರಳು ಒತ್ತಿ ನೋಡಿದರು. "ಎಲ್ಲಿ ಹೊಡೀತು ಕಂದ? ಇಲ್ಲೇನಾ? ನೋಯುತ್ತಾ?" ತಮ್ಮ ಕೈ ನೋವಿಗೆ ಒಂದು ದಿನವೂ ಅಳದ ಅಜ್ಜಿಯ ಕಣ್ಣಲ್ಲಿ ನೀರಿತ್ತು.

ಅಪ್ಪ ಬಂದು ಎದುರಿಗೆ ನೆಲದ ಮೇಲೆ ಕೂತರು. "ಅಮ್ಮಾ..." ಎಂದರು.

ಕಾಂಚನಮಾಲಾ ಅಜ್ಜಿಯ ಹಿಡಿತದಿಂದ ತನ್ನ ಕೈ ಬಿಡಿಸಿಕೊಂಡಳು. ಮೆಲ್ಲಗೆ ಅಜ್ಜಿಯ ಕೈಯನ್ನು ಅಪ್ಪನ ಕೈಯಲ್ಲಿಟ್ಟು, ಎದ್ದು ಆಚೆ ಹೋದಳು.